ಬ್ಲಾಕ್ ಹೋಯ್ತಲ್ಲ, ಮಾತ್ರೆ ಯಾಕೆ?

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ನಾಲ್ಕು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದೆವು. ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಎರಡನ್ನೂ ಒಂದು ವರ್ಷ ನುಂಗಬೇಕಂತೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿದೆ. ‘ಬ್ಲಾಕ್ ಹೋಯ್ತಲ್ಲ, ಇನ್ಯಾಕೆ ಮಾತ್ರೆ?’ ಎಂದು ಅಪ್ಪ ಹಟ ಹಿಡಿದಿದ್ದಾರೆ. ಏನು ಹೇಳಲಿ?
- ಓದುಗರೊಬ್ಬರು, ತಿಪಟೂರು

ಉತ್ತರ: ಬ್ಲಾಕ್ ಎಲ್ಲೂ ಹೋಗಿಲ್ಲ, ನಾಳದ ಗೋಡೆಗೆ ಒತ್ತಿಟ್ಟಿದ್ದಾರೆ ಅಷ್ಟೆ. ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಸ್ಟೆಂಟ್ ಇದೆ, ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ, ಬಾಲ್‌ಪೆನ್ನಿನ ಸ್ಪ್ರಿಂಗಿಗಿಂತ ಸಣ್ಣದು. ಹೀಗೆ ಕೇಳುವವರ ಅಂಗೈಗೆ ಹಾಕುತ್ತೇನೆ. ಎರಡು ಸಲ ಕೆಳಗೆ ಬಿದ್ದು ಎಲ್ಲರೂ ಬಗ್ಗಿ ಹುಡುಕಿದ್ದೇವೆ. ಅದನ್ನು ಅರಳಿಸುವ ಬಲೂನಿನ ಒತ್ತಡ ಕಾರಿನ ಟೈರಿನದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ. ನಾಳಕ್ಕೆ ಅದು ಗಾಯವೇ ಅಲ್ವಾ?

ನಾಳದ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹಾಸು ಇದೆ, ಎಂಡೋಥೀಲಿಯಂ. ರಕ್ತ ಅಂಟದಂತೆ ನೋಡಿಕೊಳ್ಳುವುದು ಅದೇ. ಬಲೂನು ಉಬ್ಬಿದ ಕಡೆ ಅದು ಕಿತ್ತುಹೋಗಿ ಕೆಳಗಿನ ಕೊಲಾಜೆನ್ ನಾರು ಬಯಲಾಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳಿಗೆ ಅಷ್ಟು ಸಾಕು. ಬಂದು ಅಂಟುತ್ತವೆ, ಬೆಳವಣಿಗೆ ಕೆರಳಿಸುವ ಪ್ರೋಟೀನು ಸುರಿಯುತ್ತವೆ. ಗೋಡೆಯ ನಡುವಿನ ಸ್ನಾಯುಕೋಶಗಳು ಅಲ್ಲಿಯತನಕ ನಾಳವನ್ನು ಬಿಗಿ, ಸಡಿಲ ಮಾಡಿಕೊಂಡು ತಮ್ಮ ಪಾಡಿಗೆ ಇದ್ದವು. ಈಗ ಆ ಕೆಲಸ ಬಿಟ್ಟು ಒಂದು ಎರಡಾಗಿ, ಎರಡು ನಾಲ್ಕಾಗಿ ಒಳಗಡೆಗೆ ತೆವಳುತ್ತವೆ. ಗಾಯ ಮುಚ್ಚಲು ಬಂದವು ದಾರಿಯನ್ನೇ ಮುಚ್ಚುವುದೂ ಉಂಟು. ಹೃದಯದ ನಾಳಕ್ಕೆ ಮೊದಲು ಬಲೂನು ಹಾಕಿದ್ದು ಆಂಡ್ರಿಯಾಸ್ ಗ್ರುಂಟ್ಸಿಗ್, 1977ರಲ್ಲಿ, ಜ್ಯೂರಿಕ್‌ನಲ್ಲಿ. ಬರೀ ಬಲೂನಿನ ಆ ಕಾಲದಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ನಾಳ ಮತ್ತೆ ಕಿರಿದಾಗುತ್ತಿತ್ತು.

ಅದಕ್ಕೇ ಈಗಿನ ಸ್ಟೆಂಟಿಗೆ ಔಷಧಿ ಸವರಿರುತ್ತಾರೆ. ಮೊದಲು ಬಂದದ್ದು ಸಿರೋಲಿಮಸ್. ದೂರದ ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು! ಸ್ನಾಯುಕೋಶ ಬೆಳೆಯದಂತೆ ತಡೆಯುತ್ತದೆ. ಆದರೆ ಅದಕ್ಕೆ ನಮ್ಮವರು, ಬೇರೆಯವರು ಅನ್ನುವ ಭೇದವಿಲ್ಲ. ಕಿತ್ತುಹೋದ ಒಳಹಾಸು ಮತ್ತೆ ಹಬ್ಬುವುದನ್ನೂ ನಿಧಾನ ಮಾಡುತ್ತದೆ. ಅದು ಹಬ್ಬುವತನಕ ಲೋಹದ ತಂತಿ ರಕ್ತಕ್ಕೆ ನೇರವಾಗಿ ತಾಗುತ್ತಿರುತ್ತದೆ. ಆ ತಂತಿಗೆ ಪ್ಲೇಟ್‌ಲೆಟ್ ಅಂಟದಂತೆ ಕಾಯುವುದು ನಿಮ್ಮಪ್ಪ ಬೇಡ ಅನ್ನುತ್ತಿರುವ ಮಾತ್ರೆಗಳೇ. ನಡುವೆ ಸುಮ್ನೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಇನ್ನೊಂದು ಅಟ್ಯಾಕ್ ಆಗಬಹುದು.

ವಸಡಿಗೆ ಮೆತ್ತನೆಯ ಬ್ರಷ್ ಕೊಡಿಸಿ. ಹಲ್ಲಿನ ಡಾಕ್ಟರಿಗೂ ತೋರಿಸಿ, ಸ್ಟೆಂಟ್ ಇದೆ ಎಂದು ಮೊದಲೇ ಹೇಳಿ. ಹಲ್ಲು ಕೀಳಿಸಬೇಕಾಗಿ ಬಂದರೂ ಹೃದಯದ ಡಾಕ್ಟರನ್ನು ಕೇಳದೆ ಮಾತ್ರೆ ಬಿಡುವುದು ಬೇಡ. ಮಲ ಟಾರಿನಂತೆ ಕಪ್ಪಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.