ಹಕ್ಕಿ ಛಾಯಾಗ್ರಹಣಕ್ಕೆ ಮೊದಲು ಒಳ್ಳೆಯ ಫುಲ್ ಫ್ರೇಮ್ ಬಾಡಿ ಕೊಂಡು, ಲೆನ್ಸನ್ನು ಆಮೇಲೆ ನಿಧಾನವಾಗಿ ಕೊಳ್ಳಬಹುದೇ?

‘ಬಾಡಿಯನ್ನು ಈಗಲೇ ಒಳ್ಳೆಯದು ಕೊಂಡುಬಿಡೋಣ, ಲೆನ್ಸನ್ನು ನಿಧಾನವಾಗಿ ನೋಡಿಕೊಂಡರಾಯಿತು.’ ನಿಮ್ಮ ಪ್ರಶ್ನೆಯಲ್ಲಿರುವ ಈ ವಾಕ್ಯವನ್ನು ನಾನು 2015ರ ದಸರಾ ರಜೆಯಲ್ಲಿ, ಮೈಸೂರಿನ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, ಹೆಚ್ಚುಕಡಿಮೆ ಇವೇ ಪದಗಳಲ್ಲಿ ಹೇಳಿದ್ದೆ. ನಿಮ್ಮ ಬಳಿ 1.25 ಲಕ್ಷ ರೂಪಾಯಿ ಇದೆ ಎಂದಿದ್ದೀರಿ. ನನ್ನ ಬಳಿ ಬಾಕಿ ವೇತನವಾಗಿ ಬಂದ ಒಂದೂವರೆ ಲಕ್ಷ ಇತ್ತು. ಅದರಲ್ಲಿ 1.3 ಲಕ್ಷ 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಬಾಡಿಗೆ, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಹಳೆಯ ಫಿಲ್ಮಿನಷ್ಟು ದೊಡ್ಡದಿರುವ ಕ್ಯಾಮೆರಾಕ್ಕೆ ಹೋಯಿತು. ಉಳಿದದ್ದಕ್ಕೆ ಯಾರೋ ಬಳಸಿ ಬಿಟ್ಟಿದ್ದ 70-300 ಮಿ.ಮೀ. ಜೂಮ್ ಲೆನ್ಸ್ ಸಿಕ್ಕಿತು. ಆ ‘ನಿಧಾನ’ ಮುಗಿದು ಸರಿಯಾದ ಲೆನ್ಸ್ ಮನೆಗೆ ಬರಲು ಎರಡು ವರ್ಷ ಹಿಡಿಯಿತು, ಅದೂ ಬಾಡಿಯನ್ನು ಮಾರಿದ ಮೇಲೆ.

ಮೊದಲ ಕೆಲವು ತಿಂಗಳು ತಪ್ಪು ಮಾಡಿದ್ದೇನೆಂಬುದೇ ನನಗೆ ಹೊಳೆಯಲಿಲ್ಲ. ಅದಕ್ಕೆ ಕಾರಣ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ಆ ನಡುಗಡ್ಡೆಗಳಲ್ಲಿ ಹಕ್ಕಿಗಳು ದೋಣಿಗೆ ಎಷ್ಟು ಒಗ್ಗಿಹೋಗಿವೆಯೆಂದರೆ, ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿದರೂ ಬಣ್ಣದ ಕೊಕ್ಕರೆ ಗೂಡಿಗೆ ಕಡ್ಡಿ ಜೋಡಿಸುವುದನ್ನು ನಿಲ್ಲಿಸುವುದಿಲ್ಲ. ಫೆಬ್ರವರಿಯ ಬೆಳಗಿನ ದೋಣಿಯಲ್ಲಿ, ಹತ್ತು ಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ಒಂದು ಮೀಟರ್ ಎತ್ತರದ ಆ ಹಕ್ಕಿ ನನ್ನ 300 ಮಿ.ಮೀ. ಚೌಕಟ್ಟಿಗೆ ಹಿಡಿಸದೆ ಜೂಮನ್ನು ಹಿಂದಕ್ಕೆ ಎಳೆಯಬೇಕಾಯಿತು. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು, ಅದೂ ಚೌಕಟ್ಟು ತುಂಬ ಬಂತು. ಮನೆಗೆ ಬಂದು ಚಿತ್ರಗಳನ್ನು ಪರದೆಯ ಮೇಲೆ ತೋರಿಸುವಾಗ, ‘ಲೆನ್ಸ್ ದೊಡ್ಡದಿರಬೇಕು ಎನ್ನುವುದೆಲ್ಲ ಅಂಗಡಿಯವರ ಮಾತು’ ಎಂದು ಬೇರೆ ಹೇಳಿದೆ.

ಆಮೇಲೆ ಕುಕ್ಕರಹಳ್ಳಿ ಕೆರೆಗೆ ಹೋದೆ. ದಡದಿಂದ ಸುಮಾರು ಹದಿನೈದು ಮೀಟರ್ ಆಚೆ, ನೀರಿನಿಂದ ಮೇಲೆದ್ದ ಒಣ ಕೊಂಬೆಯ ಮೇಲೆ ಕಿರು ಮಿಂಚುಳ್ಳಿಯೊಂದು ದಿನವೂ ಬೆಳಿಗ್ಗೆ ಏಳರ ಹೊತ್ತಿಗೆ ಬಂದು ಕೂರುತ್ತಿತ್ತು. ಎಂಟು ದಿನ ಹೋದೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ಹಿಗ್ಗಿಸಿದೊಡನೆ ಮಿಂಚುಳ್ಳಿ ಹೋಗಿ ನೀಲಿ ಬಣ್ಣ ಮೆತ್ತಿದ ಚುಕ್ಕೆಗಳ ಗುಂಪು ಉಳಿಯುತ್ತಿತ್ತು. ಕಣ್ಣಿನ ಮಿಂಚು ಇರಲಿ, ಕಣ್ಣು ಎಲ್ಲಿದೆ ಎಂದು ಹುಡುಕಬೇಕಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರಿಸಬೇಡಿ. ಈ ಲೆಕ್ಕವನ್ನು ನಾನು ಹಣ ಕೊಡುವ ಮೊದಲು ಮಾಡಿದ್ದರೆ ಎರಡು ವರ್ಷ ಉಳಿಯುತ್ತಿತ್ತು. ಸೆನ್ಸರಿನ ಮೇಲೆ ಹಕ್ಕಿಯ ಬಿಂಬ ಎಷ್ಟು ದೊಡ್ಡದಾಗಿ ಬೀಳುತ್ತದೆ ಎಂಬುದನ್ನು ನಿರ್ಧರಿಸುವುದು ಬಾಡಿಯಲ್ಲ, ಲೆನ್ಸಿನ ಫೋಕಲ್ ಲೆಂತ್ (ಲೆನ್ಸಿನ ಹೆಸರಿನಲ್ಲಿರುವ ಆ ಮಿ.ಮೀ. ಸಂಖ್ಯೆ) ಮತ್ತು ಹಕ್ಕಿಯ ದೂರ. ಕಿರು ಮಿಂಚುಳ್ಳಿ ಕೊಕ್ಕಿನಿಂದ ಬಾಲದವರೆಗೆ ಸುಮಾರು 16 ಸೆಂ.ಮೀ. ಹದಿನೈದು ಮೀಟರ್ ದೂರದಿಂದ 300 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ ಸೆನ್ಸರಿನ ಮೇಲೆ 3.2 ಮಿ.ಮೀ. ಆಗುತ್ತದೆ. ಕ್ಯಾಮೆರಾ ಮೂವತ್ತು ಸಾವಿರದ್ದಾದರೂ ಮೂರು ಲಕ್ಷದ್ದಾದರೂ ಅದು 3.2 ಮಿ.ಮೀ. ಮಾತ್ರ. ಇನ್ನು, ಆ 3.2 ಮಿ.ಮೀ. ಜಾಗದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದು ಉಳಿಯುವ ಪ್ರಶ್ನೆ. ನನ್ನ ಫುಲ್ ಫ್ರೇಮ್ ಸೆನ್ಸರಿನ 24 ಮಿ.ಮೀ. ಎತ್ತರದಲ್ಲಿ ಸುಮಾರು 4000 ಪಿಕ್ಸೆಲ್ ಹರಡಿಕೊಂಡಿದ್ದವು. ಹಾಗಾಗಿ ನನ್ನ ಮಿಂಚುಳ್ಳಿಯ ಪಾಲಿಗೆ ಬಂದದ್ದು ಸುಮಾರು 535. ಅದೇ 24 ಮೆಗಾಪಿಕ್ಸೆಲ್ಲಿನ ಕ್ರಾಪ್ ಸೆನ್ಸರಿನಲ್ಲಿ, ಅಂದರೆ ಅದಕ್ಕಿಂತ ಚಿಕ್ಕ ಸೆನ್ಸರಿನಲ್ಲಿ, ಅಷ್ಟೇ ಪಿಕ್ಸೆಲ್‌ಗಳು ಸುಮಾರು 15.6 ಮಿ.ಮೀ. ಎತ್ತರದೊಳಗೆ ಒತ್ತಾಗಿ ಕೂತಿರುತ್ತವೆ. ಅದರಲ್ಲಿ ಅದೇ ಹಕ್ಕಿಗೆ, ಅದೇ ಲೆನ್ಸಿನಲ್ಲಿ, ಅದೇ ದಡದಿಂದ, 800ಕ್ಕೂ ಹೆಚ್ಚು ಸಿಗುತ್ತಿತ್ತು. ಆ ಕ್ರಾಪ್ ಬಾಡಿಗೆ 600 ಮಿ.ಮೀ. ಲೆನ್ಸ್ ಇದ್ದಿದ್ದರೆ 1600 ದಾಟುತ್ತಿತ್ತು. ಅಂದರೆ, ಕ್ರಾಪ್ ಬಾಡಿಯ ದುಪ್ಪಟ್ಟಿಗಿಂತ ಹೆಚ್ಚು ಹಣ ಕೊಟ್ಟು ನಾನು ಕಡಿಮೆ ಹಕ್ಕಿಯನ್ನು ಕೊಂಡಿದ್ದೆ.

‘ಮಂದ ಬೆಳಕಿನಲ್ಲಿ ಫುಲ್ ಫ್ರೇಮ್ ಸ್ವಚ್ಛವಾಗಿ ಬರುತ್ತದಲ್ಲ’ ಎಂದು ನೀವು ಬರೆದಿದ್ದೀರಿ. ಬರುತ್ತದೆ, ಚೌಕಟ್ಟನ್ನು ಪೂರ್ತಿ ಬಳಸಿದರೆ. ಮದುವೆ ಮನೆಯಲ್ಲಿ, ಭೂದೃಶ್ಯದಲ್ಲಿ ಅದು ನಿಜವಾದ ಲಾಭ. ಆದರೆ ಗಿಡ್ಡ ಲೆನ್ಸಿನಲ್ಲಿ ಹಕ್ಕಿಯನ್ನು ತೆಗೆದು, ಸುತ್ತಲಿನದನ್ನೆಲ್ಲ ಕತ್ತರಿಸಿ ಎಸೆದು, ನಡುವಿನ ಅಂಚೆಚೀಟಿಯಷ್ಟು ಭಾಗವನ್ನು ಇಟ್ಟುಕೊಳ್ಳುವವನು ಆ ದೊಡ್ಡ ಸೆನ್ಸರಿನ ಲಾಭವನ್ನೂ ಜೊತೆಗೇ ಕತ್ತರಿಸಿ ಎಸೆಯುತ್ತಾನೆ. ನಾನು ಎಂಟು ದಿನವೂ ಅದನ್ನೇ ಮಾಡಿದೆ.

ತಪ್ಪನ್ನು ಒಪ್ಪಿಕೊಳ್ಳುವ ಬದಲು ಅದಕ್ಕೆ ತೇಪೆ ಹಾಕಲು ಹೋದೆ. ಲೆನ್ಸಿಗೂ ಬಾಡಿಗೂ ನಡುವೆ ಸಿಕ್ಕಿಸುವ ಎರಡು ಪಟ್ಟಿನ ಟೆಲಿಕನ್ವರ್ಟರ್ ತಂದರೆ 300 ಎಂಬುದು 600 ಆಗುತ್ತದೆ ಎಂದು ಕೇಳಿದ್ದೆ. ಆಗುತ್ತದೆ, ಸುಳ್ಳಲ್ಲ. ಆದರೆ ಎರಡು ಸ್ಟಾಪ್ ಬೆಳಕನ್ನು ಅದು ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು; ಎಫ್ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ): ಎಫ್ 5.6 ಇದ್ದ ಲೆನ್ಸ್ ಎಫ್ 11 ಆಗುತ್ತದೆ, ಒಳಗೆ ಬರುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಸೆಕೆಂಡಿನ 1000ನೇ ಒಂದು ಭಾಗದ ಶಟರ್ ಸಿಗುತ್ತಿದ್ದ ಕಡೆ 250ನೇ ಒಂದು ಭಾಗಕ್ಕೆ ತೃಪ್ತಿಪಡಬೇಕು, ಇಲ್ಲವೇ ಸೆನ್ಸರಿನ ಬೆಳಕಿನ ಸೂಕ್ಷ್ಮತೆಯಾದ ಐಎಸ್‌ಓವನ್ನು ನಾಲ್ಕು ಪಟ್ಟು ಏರಿಸಿ ಚಿತ್ರ ಕಾಳುಕಾಳಾಗುವುದನ್ನು ಒಪ್ಪಿಕೊಳ್ಳಬೇಕು. ಅದಕ್ಕಿಂತ ಕೆಟ್ಟದ್ದೆಂದರೆ, ಕನ್ನಡಿಯುಳ್ಳ ಡಿಎಸ್‌ಎಲ್‌ಆರ್‌ಗಳ ಆಟೋಫೋಕಸ್ ಸಾಮಾನ್ಯವಾಗಿ ಎಫ್ 5.6ರವರೆಗೆ, ಕೆಲವು ಬಾಡಿಗಳಲ್ಲಿ ನಡುವಿನ ಬಿಂದುಗಳು ಮಾತ್ರ ಎಫ್ 8ರವರೆಗೆ, ನೆಚ್ಚಿಕೆಯಿಂದ ಕೆಲಸ ಮಾಡುತ್ತವೆ. ಎಫ್ 11ರಲ್ಲಿ ನನ್ನ ಲೆನ್ಸ್ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಗುರ್ರೆಂದು ತಿರುಗುತ್ತ ಹಕ್ಕಿಯನ್ನು ತಡಕಾಡುತ್ತಿತ್ತು. ಅದು ಮಿಂಚುಳ್ಳಿಯನ್ನು ಹುಡುಕಿ ಮುಗಿಸುವ ಮೊದಲೇ ಮಿಂಚುಳ್ಳಿ ನೀರಿಗೆ ಧುಮುಕಿ, ಮೀನು ಹಿಡಿದು, ಕೊಂಬೆಗೆ ಬಡಿದು ನುಂಗಿ ಮುಗಿಸಿರುತ್ತಿತ್ತು.

ಹಣದ ನಷ್ಟವನ್ನು ನಾನು ಈಗ ನಗುತ್ತ ಹೇಳಬಲ್ಲೆ. ಇನ್ನೊಂದನ್ನು ನಗುತ್ತ ಹೇಳಲಾರೆ. ಲೆನ್ಸ್ ಗಿಡ್ಡವಾದರೆ ಮನುಷ್ಯ ನಡೆಯತೊಡಗುತ್ತಾನೆ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಊರಾಚೆಯ ಬತ್ತಿದ ಕೆರೆಯಂಗಳದಲ್ಲಿ ಟಿಟ್ಟಿಭವೊಂದನ್ನು ಚೌಕಟ್ಟು ತುಂಬಿಸಬೇಕೆಂಬ ಹಟದಲ್ಲಿ ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಹೋದೆ. ಅದು ಎದ್ದು ತಲೆಯ ಮೇಲೆ ಸುತ್ತುತ್ತ ಕೂಗಿಕೊಂಡಿತು. ಜೋಡಿಯೂ ಬಂದು ಕೂಗಿತು. ನಾನು ಅದನ್ನು ಒಳ್ಳೆಯ ಅವಕಾಶವೆಂದು ತಿಳಿದು ಇಪ್ಪತ್ತು ನಿಮಿಷ ಅಲ್ಲೇ ನಿಂತು ಹಾರುವ ಚಿತ್ರಗಳನ್ನು ತೆಗೆದೆ. ಹಿಂದಿರುಗಲು ತಿರುಗಿದಾಗ, ನನ್ನ ಬಲಗಾಲಿನಿಂದ ಒಂದು ಮಾರು ದೂರದಲ್ಲಿ, ಬೆಣಚುಕಲ್ಲುಗಳ ನಡುವೆ ಅದೇ ಬಣ್ಣದ ನಾಲ್ಕು ಮೊಟ್ಟೆಗಳು ಕಂಡವು, ಚೂಪು ತುದಿಗಳನ್ನು ಒಳಕ್ಕೆ ಮಾಡಿ ಜೋಡಿಸಿಟ್ಟಂತೆ. ಬಿಸಿಲು ಆಗಲೇ ಏರಿತ್ತು. ತಾಯಿಹಕ್ಕಿ ನೆರಳಾಗಿ ಕೂರಬೇಕಾದ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ನಾನು ಅಡ್ಡ ನಿಂತಿದ್ದೆ. ಮುಂದೆ ಏನಾಯಿತೆಂದು ನೋಡಲು ಮತ್ತೆ ಹೋಗುವ ಧೈರ್ಯವಾಗಲಿಲ್ಲ. ಹತ್ತಿರ ಬಾರದ ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಕರೆಸಿಕೊಳ್ಳುವವರೂ ಇದ್ದಾರೆ. ಅವರ ಜೋಳಿಗೆಯಲ್ಲಿಯೂ ಬಹಳ ಸಲ ಗಿಡ್ಡ ಲೆನ್ಸೇ ಇರುತ್ತದೆ.

2017ರಲ್ಲಿ ಆ ಬಾಡಿಯನ್ನು ಕೊಂಡ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿಗೆ ಮಾರಿ, ಬಳಸಿದ ನಿಕಾನ್ ಡಿ7200 ಎಂಬ ಕ್ರಾಪ್ ಬಾಡಿಯನ್ನೂ 200-500 ಮಿ.ಮೀ. ಎಫ್ 5.6 ಲೆನ್ಸನ್ನೂ ಕೊಂಡೆ. ಮರುದಿನವೇ ಅದ್ಭುತ ಚಿತ್ರಗಳು ಬಂದವು ಎಂದು ತಿಳಿಯಬೇಡಿ. ಆ ಲೆನ್ಸೊಂದೇ ಎರಡು ಕಿಲೋ ದಾಟುತ್ತದೆ, ಮತ್ತು 500 ಮಿ.ಮೀ.ನಲ್ಲಿ ನೋಟ ಎಷ್ಟು ಕಿರಿದೆಂದರೆ ಎದುರಿಗೇ ಕೂತ ಹಕ್ಕಿ ವ್ಯೂಫೈಂಡರಿನಲ್ಲಿ ಸಿಗುವುದಿಲ್ಲ. ಬರೀ ಎಲೆ, ಆಕಾಶ, ಮತ್ತೆ ಎಲೆ. ಮೂರು ವಾರ ಮನೆಯ ತಾರಸಿಯಲ್ಲಿ ನಿಂತು ಕಾಗೆ, ಪಾರಿವಾಳ, ಗಿಡುಗಗಳ ಮೇಲೆ ಅಭ್ಯಾಸ ಮಾಡಿದೆ. ಹಕ್ಕಿಯಿಂದ ಕಣ್ಣು ಕೀಳದೆ ಕ್ಯಾಮೆರಾವನ್ನು ಕಣ್ಣಿಗೆ ತರುವುದು ಅಲ್ಲಿ ರೂಢಿಯಾಯಿತು. ಪಕ್ಕದ ಮನೆಯವರು ಮಾತ್ರ ಸ್ವಲ್ಪ ದಿನ ಕಿಟಕಿಯ ಪರದೆ ಎಳೆದುಕೊಂಡಿದ್ದರು.

ಆದ್ದರಿಂದ ‘ಯಾವ ಫುಲ್ ಫ್ರೇಮ್ ಬಾಡಿ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಯಾವುದೂ ಬೇಡ. ಮೂರರಲ್ಲಿ ಎರಡು ಪಾಲು ಹಣ ಲೆನ್ಸಿಗಿರಲಿ, ಒಂದು ಪಾಲು ಕ್ರಾಪ್ ಬಾಡಿಗಿರಲಿ. ‘ಈಗಲೇ ಒಳ್ಳೆಯ ಬಾಡಿ ಕೊಂಡರೆ ಮುಂದೆ ಬದಲಿಸಬೇಕಿಲ್ಲ’ ಎಂಬ ನಿಮ್ಮ ವಾದ ತಲೆಕೆಳಗಾಗಿದೆ. ಬೇಗ ಬೆಲೆ ಕಳೆದುಕೊಳ್ಳುವುದು ಬಾಡಿ, ಉಳಿಯುವುದು ಲೆನ್ಸ್. ನನ್ನ 200-500 ಇಂದಿಗೂ ಅಡಾಪ್ಟರ್ ಹಾಕಿದರೆ ನಿಕಾನ್‌ನ ಮಿರರ್‌ಲೆಸ್ (ಕನ್ನಡಿಯಿಲ್ಲದ) ಬಾಡಿಗಳಲ್ಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತದೆ. ಹೊಸದೇ ಬೇಕು, ಭಾರ ಬೇಡ ಎನ್ನುವುದಾದರೆ ಕ್ಯಾನನ್ ಆರ್10 ಬಾಡಿಗೆ ಆರ್‌ಎಫ್ 100-400 ಮಿ.ಮೀ. ಲೆನ್ಸನ್ನು ಜೋಡಿಸಿ. ಆ ಲೆನ್ಸ್ 635 ಗ್ರಾಂ ಮಾತ್ರ, ಕುತ್ತಿಗೆಗೆ ಹಾಕಿಕೊಂಡು ಚಾಮುಂಡಿ ಬೆಟ್ಟ ಹತ್ತಬಹುದು. ಜೊತೆಗೆ ಆ ಬಾಡಿ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಹಿಡಿಯುತ್ತದೆ. ಆ ಒಂದು ಸೌಲಭ್ಯದ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ. ಆದರೆ ಆ ಲೆನ್ಸ್ 400ರ ತುದಿಯಲ್ಲಿ ಎಫ್ 8. ಹೆಸರಘಟ್ಟದ ಹುಲ್ಲುಗಾವಲಿಗೆ, ಕೆರೆದಂಡೆಗೆ ಅಡ್ಡಿಯಿಲ್ಲ. ಗಣೇಶಗುಡಿಯಂಥ ಕಡೆ, ದಟ್ಟ ಕಾಡಿನ ನೆರಳಿನಲ್ಲಿ ಐಎಸ್‌ಓ ಏರುತ್ತಲೇ ಹೋಗುವುದನ್ನು ನೋಡಬೇಕಾಗುತ್ತದೆ. ನಿಕಾನ್ ಪಿ950ಯಂಥ, ಲೆನ್ಸ್ ಬಿಚ್ಚಲಾಗದ ಕ್ಯಾಮೆರಾಗಳು ಹಕ್ಕಿಯನ್ನು ಗುರುತಿಸುವುದಕ್ಕೆ, ದಾಖಲೆಗೆ ಚೆನ್ನಾಗಿವೆ. ಹಾರುವ ಹಕ್ಕಿಗೆ ಅವು ಬೇಡ.

ಟ್ರೈಪಾಡ್ ಬಗ್ಗೆ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಓಲಾಡುವ ದೋಣಿಯಲ್ಲಿ ಅದಕ್ಕೆ ಜಾಗವೂ ಇಲ್ಲ, ಅರ್ಥವೂ ಇಲ್ಲ.

ಬಳಸಿದ ಲೆನ್ಸನ್ನು ಕೊಳ್ಳುವಾಗ ಮಾತ್ರ ಅವಸರ ಮಾಡಬೇಡಿ. ಟಾರ್ಚನ್ನು ಒಂದು ತುದಿಯಿಂದ ಹಾಯಿಸಿ ಇನ್ನೊಂದು ತುದಿಯಿಂದ ನೋಡಿ. ಗಾಜಿನ ಒಳಗೆ ಜೇಡರ ಬಲೆಯ ಎಳೆಗಳಂತೆ ಏನಾದರೂ ಕವಲೊಡೆದಿದ್ದರೆ ಅದು ಬೂಷ್ಟು, ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸುಗಳಲ್ಲಿ ಇದನ್ನು ಕಡ್ಡಾಯವಾಗಿ ನೋಡಬೇಕು. ನಿಮ್ಮದೂ ಶಿವಮೊಗ್ಗವಾದ್ದರಿಂದ, ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಹತ್ತಿಪ್ಪತ್ತು ರೂಪಾಯಿ ಹೆಚ್ಚಾದರೂ ಹೀರಿದ ತೇವ ತುಂಬಿದಾಗ ಬಣ್ಣ ಬದಲಿಸುವ ಬಗೆಯದನ್ನೇ ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆರೆದು ನೋಡಿ.

ಎಷ್ಟೇ ದೊಡ್ಡ ಲೆನ್ಸ್ ತಂದರೂ ಬಿಸಿಲೇರಿದ ಮೇಲೆ ಬಯಲಿನಲ್ಲಿ ದೂರದ ಹಕ್ಕಿಯನ್ನು ತೆಗೆಯುವುದು ದಂಡ. ನೆಲದಿಂದೇಳುವ ಬಿಸಿಗಾಳಿ ಚಿತ್ರವನ್ನು ಅಲುಗಿಸುತ್ತದೆ, ನಾವು ಲೆನ್ಸನ್ನು ಬೈಯುತ್ತೇವೆ. ಮೈಸೂರು ಬಳಿಯ ಹದಿನಾರು ಎಂಬ ಊರಿನ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ನೂರಾರು ಚಿತ್ರಗಳನ್ನು ನಾನು ಹೀಗೆ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ತೆಗೆದು, ಲೆನ್ಸನ್ನು ರಿಪೇರಿಗೆ ಒಯ್ದು, ಏನೂ ದೋಷವಿಲ್ಲವೆಂದು ಹೇಳಿಸಿಕೊಂಡು ಬಂದಿದ್ದೇನೆ.

ಇಷ್ಟು ಹೇಳಿದ ಮೇಲೂ ನಿಮ್ಮ ಮನಸ್ಸು ಫುಲ್ ಫ್ರೇಮ್ ಕಡೆಗೇ ಎಳೆಯುತ್ತಿದ್ದರೆ, ಹಣ ಕೊಡುವ ಮೊದಲು ಒಂದು ಶನಿವಾರ, ಭಾನುವಾರಕ್ಕೆ ಎರಡೂ ಬಗೆಯ ಬಾಡಿಗಳನ್ನು ಒಂದೇ ಲೆನ್ಸಿನೊಡನೆ ಬಾಡಿಗೆಗೆ ತನ್ನಿ; ಬೆಂಗಳೂರಿನಲ್ಲಿ ಇವು ದಿನದ ಲೆಕ್ಕದಲ್ಲಿ ಸಿಗುತ್ತವೆ. ಮಂಡಗದ್ದೆ ಪಕ್ಷಿಧಾಮಕ್ಕೆ ಹೋಗಬೇಡಿ, ಅಲ್ಲಿ ಬೆಳ್ಳಕ್ಕಿಗಳು ರಂಗನತಿಟ್ಟಿನವುಗಳ ಹಾಗೆಯೇ ನಿಮ್ಮನ್ನು ಮೋಸಗೊಳಿಸುತ್ತವೆ. ನಿಮ್ಮ ಮನೆಯ ಹತ್ತಿರದ ಕೆರೆಗೆ ಹೋಗಿ, ಹದಿನೈದು ಮೀಟರ್ ದೂರದ ಒಂದು ಮಿಂಚುಳ್ಳಿಯನ್ನೋ ಪಿಕಳಾರವನ್ನೋ ಎರಡರಲ್ಲೂ ತೆಗೆದು, ಕಂಪ್ಯೂಟರಿನಲ್ಲಿ ಕೊಕ್ಕಿನಿಂದ ಬಾಲದವರೆಗೆ ಪಿಕ್ಸೆಲ್ ಎಣಿಸಿ. ಬಾಡಿಗೆಯವರ ಬಳಿ ಎರಡನೆಯ ಬ್ಯಾಟರಿಯನ್ನು ಕೇಳಿ ಪಡೆಯಲು ಮರೆಯಬೇಡಿ.