ಸಂಪಾದಕರ ಉತ್ತರ: ಮೇಜಿನ ಹಿಂದೆ ಕೂತವರನ್ನು ಮಾತಾಡಿಸಿ

ಮುಂಬಯಿ ಹತ್ತಿರದ ಡೊಂಬಿವಲಿಯ ಹಿರಿಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಮೂಲ ಕುಂದಾಪುರ ಕಡೆಯವರು, ಬ್ಯಾಂಕಿನಿಂದ ನಿವೃತ್ತರು. ಪತ್ರದ ಸಾರ ಇಷ್ಟು:

"ಪ್ರತಿ ತಿಂಗಳೂ ಒಂದು ಇಡೀ ಪುಟವನ್ನು ಚಿತ್ರಪ್ರದರ್ಶನಗಳಿಗೆ ಕೊಡುತ್ತೀರಿ. ಅಲ್ಲಿ ಸಂಘಗಳ ಸುದ್ದಿ, ಯಕ್ಷಗಾನದ ಸುದ್ದಿ ಹಾಕಿದರೆ ಓದುವವರು ಜಾಸ್ತಿ. ನಿಮ್ಮ ಪುಟ ನೋಡಿಯೇ ನಾನೂ ನನ್ನ ಹೆಂಡತಿಯೂ ಫೋರ್ಟ್ ಕಡೆ ಒಂದು ಗ್ಯಾಲರಿಗೆ ಹೋದೆವು. ಬೆಲ್ ಒತ್ತಿ ಒಳಗೆ ಹೋಗಬೇಕು. ಮೇಜಿನ ಹಿಂದೆ ಕೂತಿದ್ದ ಹುಡುಗಿ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಲ್ಯಾಪ್‌ಟಾಪಿನಲ್ಲಿ ಮುಳುಗಿದಳು. ಒಂದು ಚಿತ್ರವೂ ಅರ್ಥವಾಗಲಿಲ್ಲ. ಹಸಿರು ಬಣ್ಣದ ದೊಡ್ಡ ಚಿತ್ರವೊಂದನ್ನು ನೋಡಿ ನನ್ನ ಹೆಂಡತಿ 'ಇದು ನಮ್ಮೂರ ಕೆರೆ ತರ ಇದೆ ಅಲ್ವಾ' ಎಂದಳು. ಯಾರಾದರೂ ಕೇಳಿಸಿಕೊಂಡಾರು ಎಂದು 'ಸುಮ್ನಿರು' ಅಂದೆ. ಹತ್ತು ನಿಮಿಷಕ್ಕೆ ಹೊರಗೆ ಬಂದೆವು. ಅದು ದುಡ್ಡಿದ್ದವರ ಜಾಗ, ನಮ್ಮದಲ್ಲ. ಎಂಟು ವರ್ಷದ ಮೊಮ್ಮಗಳು ಸದಾ ಚಿತ್ರ ಬರೆಯುತ್ತಿರುತ್ತಾಳೆ. ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕು, ಅದನ್ನಾದರೂ ಹೇಳಿ."

ಹಿರಿಯರೇ, ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಅಷ್ಟು ದೂರದಿಂದ ಲೋಕಲ್ ಹಿಡಿದು ಬಂದವರು ಹೀಗೆ ವಾಪಸ್ ಹೋಗಬೇಕಾಯಿತಲ್ಲ ಎಂದು ಬೇಸರವಾಯಿತು. ಪುಟದ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಆ ಹತ್ತು ನಿಮಿಷದಲ್ಲಿ ಚಿತ್ರವನ್ನು ಸರಿಯಾಗಿ ನೋಡಿದವರು ಅವರು. ಒಂದು ಚಿತ್ರದ ಮುಂದೆ ನಿಂತರು, ಅದು ಏನನ್ನೋ ನೆನಪಿಸಿತು, ಜೊತೆಗಿದ್ದವರಿಗೆ ಹೇಳಿದರು. ಬಣ್ಣ ಬಳಿದವರು ಅಲ್ಲಿದ್ದು ಆ ಮಾತು ಕೇಳಿದ್ದರೆ ಎದ್ದು ಬಂದು ಯಾವ ಊರು, ಯಾವ ಕೆರೆ ಎಂದು ವಿಚಾರಿಸುತ್ತಿದ್ದರು. ನನಗೆ ಇದರಲ್ಲಿ ಸಂಶಯವೇ ಇಲ್ಲ. ದಯವಿಟ್ಟು ಮುಂದಿನ ಸಲ ಅವರಿಗೆ ಸುಮ್ನಿರು ಅನ್ನಬೇಡಿ.

ನೀವು ಹೋದದ್ದು ಖಾಸಗಿ ಗ್ಯಾಲರಿ. ಫೋರ್ಟ್, ಕೊಲಾಬಾ ಕಡೆ ಹಳೆಯ ಕಟ್ಟಡಗಳ ಮಹಡಿಗಳಲ್ಲಿ ಅಂಥವು ಬಹಳ ಇವೆ. ಅಲ್ಲಿ ಚಿತ್ರ ಮಾರುವುದೇ ಕಸುಬು. ಮಾರಾಟವಾದ ಬೆಲೆಯಲ್ಲಿ ಗ್ಯಾಲರಿಗೂ ದೊಡ್ಡ ಪಾಲಿರುತ್ತದೆ. ಹಾಗೆಂದು ನೋಡಲು ಬಂದವರನ್ನು ಅವರು ತಡೆಯುವುದಿಲ್ಲ, ಟಿಕೆಟೂ ಇಲ್ಲ. ಆದರೆ ಮೊದಲ ಸಲ ಹೋಗುವವರಿಗೆ ಆ ಬೆಲ್, ಆ ಮೌನ ಹೆದರಿಕೆ ಹುಟ್ಟಿಸುವುದು ನಿಜ. ಮೇಜಿನ ಹಿಂದಿನ ಹುಡುಗಿ ಅಲ್ಲಿ ಕೆಲಸಕ್ಕಿರುವವಳು. ಚಿತ್ರ ಬರೆದವರು ಬೇರೆ ಎಲ್ಲೋ ಇರುತ್ತಾರೆ. ಹಾಗಾಗಿ ಶುರು ಮಾಡಲು ಅದು ಸರಿಯಾದ ಜಾಗವಲ್ಲ.

ಶುರು ಮಾಡಬೇಕಾದ್ದು ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಯಿಂದ. ಅದು 1952ರಲ್ಲಿ ಶುರುವಾಯಿತು. ಸರ್ ಕಾವಸ್‌ಜಿ ಜಹಾಂಗೀರ್ ತೀರಿಹೋದ ತಮ್ಮ ಮಗನ ನೆನಪಿಗೆ ಹಣ ಕೊಟ್ಟು ಕಟ್ಟಿಸಿದರು. ಮುಂಬಯಿಗೆ ಇಂಥದ್ದೊಂದು ಜಾಗ ಬೇಕೇ ಬೇಕು ಎಂದು ಅವರ ಬೆನ್ನು ಹತ್ತಿದವರಲ್ಲಿ ಇಬ್ಬರ ಹೆಸರು ಮುಖ್ಯ. ಒಬ್ಬರು ವಿಜ್ಞಾನಿ ಹೋಮಿ ಭಾಭಾ. ಇನ್ನೊಬ್ಬರು ಕೆ.ಕೆ. ಹೆಬ್ಬಾರ್, ಅಂದರೆ ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೃಷ್ಣ ಹೆಬ್ಬಾರ್. 1911ರಲ್ಲಿ ಹುಟ್ಟಿದ ಹೆಬ್ಬಾರರು ಇಲ್ಲಿಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕೆಲವು ವರ್ಷ ಪಾಠವನ್ನೂ ಮಾಡಿದರು. 1996ರಲ್ಲಿ ತೀರಿಕೊಳ್ಳುವವರೆಗೂ ಈ ಊರಿನವರಾಗಿಯೇ ಬಾಳಿದರು. ಪದ್ಮಭೂಷಣ ಬಂದರೂ ಅವರ ಚಿತ್ರಗಳಿಂದ ಕರಾವಳಿ ಹೋಗಲಿಲ್ಲ. ಎರಡೇ ಎರಡು ಗೆರೆಯಲ್ಲಿ ಕುಣಿಯುವವರ ಸೊಂಟ, ಎತ್ತಿದ ಕೈ, ಊರಿದ ಕಾಲು ಮೂಡಿಸುತ್ತಿದ್ದರು. ಹಾಗಿರುವಾಗ ಅದು ನಮ್ಮ ಜಾಗವಲ್ಲ ಎಂಬ ಮಾತನ್ನು ನಾನು ಹೇಗೆ ಒಪ್ಪಲಿ? ನಿಮ್ಮ ಜಿಲ್ಲೆಯವರೇ ಒತ್ತಾಯ ಮಾಡಿ ಕಟ್ಟಿಸಿದ ಜಾಗ ಅದು.

ಜಹಾಂಗೀರ್‌ನಲ್ಲಿ ಒಳಗೆ ಹೋಗಲು ದುಡ್ಡಿಲ್ಲ, ಬೆಲ್ ಇಲ್ಲ. ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ, ಭಾನುವಾರವೂ ತೆರೆದಿರುತ್ತದೆ. ಅಲ್ಲಿ ನಡೆಯುವ ಕ್ರಮ ಗೊತ್ತಾದರೆ ನಿಮ್ಮ ಅಳುಕು ಅರ್ಧ ಕಮ್ಮಿಯಾಗುತ್ತದೆ. ಕಲಾವಿದರು ಅರ್ಜಿ ಹಾಕಿ, ಆಯ್ಕೆಯಾಗಿ, ವರ್ಷಗಟ್ಟಲೆ ಕಾದು ಒಂದು ಹಾಲನ್ನು ಒಂದು ವಾರಕ್ಕೆ ಬಾಡಿಗೆಗೆ ಪಡೆಯುತ್ತಾರೆ. ಮಂಗಳವಾರ ಶುರು, ಸೋಮವಾರ ಕೊನೆ. ಮಾರನೇ ದಿನ ಅದೇ ಗೋಡೆಗೆ ಬೇರೆಯವರ ಚಿತ್ರಗಳು ಬರುತ್ತವೆ. ಬಾಡಿಗೆ, ಚೌಕಟ್ಟು, ಸಾಗಾಟ, ಅಚ್ಚು ಹಾಕಿಸಿದ ಪುಸ್ತಿಕೆ, ಇರುವ ಜಾಗದ ಖರ್ಚು ಎಲ್ಲ ಅವರದೇ. ಉದ್ಘಾಟನೆ ಸಂಜೆ ಜನ ಸೇರುತ್ತಾರೆ, ಚಹಾ ಆಗುತ್ತದೆ. ಅದಾದ ಮೇಲೆ ಬುಧವಾರ, ಗುರುವಾರ ಮಧ್ಯಾಹ್ನ ಹಾಲ್ ಖಾಲಿ. ಮೇಜಿನ ಹಿಂದೆ ಕಲಾವಿದರು ಒಬ್ಬರೇ ಕೂತಿರುತ್ತಾರೆ. ಬಂದವರು ಸರಸರ ಒಂದು ಸುತ್ತು ಹೊಡೆದು ಹೋಗುವುದನ್ನು ನೋಡುತ್ತಿರುತ್ತಾರೆ.

ಕಲಬುರಗಿ, ಗದಗ, ಧಾರವಾಡದ ಕಡೆಯಿಂದಲೂ ಹೀಗೆ ಬರುತ್ತಾರೆ. ಕಳೆದ ಮಳೆಗಾಲದಲ್ಲಿ ಅಂಥ ಒಬ್ಬರನ್ನು ಮಾತಾಡಿಸಿದೆ. ಹೊರಗೆ ಜೋರು ಮಳೆ, ಒಳಗೆ ನಾವಿಬ್ಬರೇ. ಕನ್ನಡ ಕೇಳಿದ್ದೇ ಅವರು ಡಬ್ಬಿ ಮುಚ್ಚಿಟ್ಟು ಎದ್ದು ಬಂದರು. ಊಟ ಮಾಡಿ ಎಂದರೂ ಕೇಳಲಿಲ್ಲ. ಒಂದು ಬೂದು ಬಣ್ಣದ ಚಿತ್ರದ ಪಕ್ಕಕ್ಕೆ ಕರೆದುಕೊಂಡು ಹೋಗಿ, ನೇರ ನೋಡಬೇಡಿ, ಓರೆಯಾಗಿ ನೋಡಿ ಎಂದರು. ನೋಡಿದರೆ ಬೂದು ಪದರದ ಕೆಳಗೆ ಕೆಂಪು ಇತ್ತು. ಮೊದಲು ಇಡೀ ಕ್ಯಾನ್ವಾಸಿಗೆ ಕೆಂಪು ಬಳಿದು, ಒಣಗಿದ ಮೇಲೆ ಬೂದು ಹಚ್ಚಿ, ಅದು ಹಸಿ ಇರುವಾಗಲೇ ಬಟ್ಟೆಯಿಂದ ಒರೆಸಿದ್ದರು. ಒರೆಸಿದಲ್ಲೆಲ್ಲ ಕೆಂಪು ಇಣುಕುತ್ತಿತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊಲ ಎಂದು ಅವರು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಆ ವಾರ ಒಂದೇ ಒಂದು ಚಿತ್ರ ಮಾರಾಟವಾಗಿತ್ತು. ಅದರ ಬಗ್ಗೆ ಅವರು ಜಾಸ್ತಿ ಮಾತಾಡಲಿಲ್ಲ. ಯಾರೂ ಏನೂ ಕೇಳಲ್ಲ, ಅದೇ ಬೇಜಾರು ಎಂದರು.

ಆದ್ದರಿಂದ ಹೋಗಿ, ಕೇಳಿ. ಹಿಂದಿಯಲ್ಲಿ ಕೇಳಿ, ಮರಾಠಿಯಲ್ಲಿ ಕೇಳಿ. ಇದನ್ನು ಹೇಗೆ ಮಾಡಿದಿರಿ ಎಂಬ ಒಂದು ಪ್ರಶ್ನೆ ಸಾಕು. ಚಿತ್ರದ ಪಕ್ಕದ ಚೀಟಿಯಲ್ಲಿ ಹೆಸರು, ಯಾವ ಬಣ್ಣ, ಯಾವುದರ ಮೇಲೆ, ಎಷ್ಟು ಇಂಚು ಎಂದಿರುತ್ತದೆ. ಸಾಮಾನ್ಯವಾಗಿ ಮೊದಲು ಎತ್ತರ, ಆಮೇಲೆ ಅಗಲ. ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟವಾಗಿದೆ ಎಂದರ್ಥ. ಬೆಲೆಪಟ್ಟಿ ಮೇಜಿನ ಮೇಲಿರುತ್ತದೆ. ಬೆಲೆ ಕೇಳಿದ ಮಾತ್ರಕ್ಕೆ ಕೊಳ್ಳಬೇಕೆಂದೇನಿಲ್ಲ. ಅಭಿಪ್ರಾಯದ ಪುಸ್ತಕದಲ್ಲಿ ಕನ್ನಡದಲ್ಲೇ ಎರಡು ಸಾಲು ಬರೆಯಿರಿ. ಫೋಟೊ ತೆಗೆಯುವ ಮುಂಚೆ ಮಾತ್ರ ಒಂದು ಮಾತು ಕೇಳಿ.

ಅರ್ಥವಾಗಲಿಲ್ಲ ಎಂಬ ನಿಮ್ಮ ಮಾತು ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ನೀವು ಕುಂದಾಪುರದವರು. ಚಿಕ್ಕಂದಿನಲ್ಲಿ ಯಕ್ಷಗಾನದ ಆಟ ನೋಡಲು ಹೋಗಿ ಚಾಪೆಯ ಮೇಲೆ ನಿದ್ದೆ ಹೋಗಿರುತ್ತೀರಿ. ಬಣ್ಣದ ವೇಷ ಅಬ್ಬರಿಸಿಕೊಂಡು ರಂಗಸ್ಥಳಕ್ಕೆ ಬಂದಾಗ ಚೆಂಡೆ ಸದ್ದಿಗೆ ಎದ್ದು ಕೂತಿರುತ್ತೀರಿ. ಭಾಗವತರ ಪದ್ಯ ಆ ವಯಸ್ಸಿಗೆ ಎಷ್ಟು ತಿಳಿಯುತ್ತಿತ್ತು? ಆದರೂ ಮರುವಾರ ಪಕ್ಕದ ಊರಿನ ಆಟಕ್ಕೂ ಹೋದಿರಿ. ನೋಡುತ್ತ ನೋಡುತ್ತ, ದೊಡ್ಡವರು ಜಗಲಿಯಲ್ಲಿ ಕೂತು ನಿನ್ನೆಯ ಕರ್ಣ ಹೇಗಿತ್ತು ಎಂದು ಮಾತಾಡುವುದನ್ನು ಕೇಳುತ್ತ ಎಲ್ಲವೂ ತಿಳಿಯುತ್ತ ಹೋಯಿತು. ಚಿತ್ರಕ್ಕೂ ಅಷ್ಟೇ ಸಮಯ, ಅಷ್ಟೇ ಮಾತು ಬೇಕು. ನಮ್ಮಲ್ಲಿ ಆಟದ ಬಗ್ಗೆ ಮಾತಾಡುವ ಜಗಲಿ ಇದೆ, ಚಿತ್ರದ ಬಗ್ಗೆ ಇಲ್ಲ. ಈ ಪುಟ ಇರುವುದೇ ಅದಕ್ಕೆ.

ಚಿತ್ರ ನಮ್ಮ ಮನೆಗಳಿಗೆ ಹೊಸತೇನೂ ಅಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ ನೋಡದ ಕನ್ನಡಿಗರು ಕಮ್ಮಿ. ಕೈ ಅಡ್ಡ ಹಿಡಿದ ದೀಪದ ಬೆಳಕು ಬೆರಳುಗಳ ಸಂದಿಯಿಂದ ಕೆಂಪಗೆ ಹೊಳೆಯುತ್ತದೆ. ಎಷ್ಟೋ ಜನ ಅದನ್ನು ರವಿವರ್ಮ ಬರೆದದ್ದು ಎಂದುಕೊಂಡಿದ್ದಾರೆ. ಬರೆದವರು ಎಸ್.ಎಲ್. ಹಳದಣಕರ್. ಸಾವಂತವಾಡಿಯಲ್ಲಿ ಹುಟ್ಟಿ, ನಮ್ಮ ಈ ಮುಂಬಯಿಯಲ್ಲಿ ಕಲಿತು, 1908ರಲ್ಲಿ ಇಲ್ಲೇ ಚಿತ್ರಕಲಾ ಶಾಲೆ ತೆರೆದವರು. ದೀಪ ಹಿಡಿದು ನಿಂತವರು ಅವರ ಮಗಳು. ಅದು ತೈಲವರ್ಣವೂ ಅಲ್ಲ, ಬರೀ ಜಲವರ್ಣ. ಹಾಗೆಯೇ ಕಲಬುರಗಿಯ ಎಸ್.ಎಂ. ಪಂಡಿತರು. ಇಲ್ಲಿ ಸಿನಿಮಾ ಪೋಸ್ಟರ್ ಬರೆದರು, ಕ್ಯಾಲೆಂಡರುಗಳಿಗೆ ಪುರಾಣದ ಚಿತ್ರ ಬರೆದರು. ಅವರ ಕೈಯ ದೇವರು ಎಷ್ಟು ಅಡುಗೆಮನೆಗಳ ಗೋಡೆಯಲ್ಲಿ ವರ್ಷವಿಡೀ ತೂಗಾಡಿರಬಹುದು! ನಮ್ಮ ಹಿಂದಿನವರು ಚಿತ್ರದ ಜೊತೆ ಬದುಕಿದವರೇ.

ಇನ್ನು ಮೊಮ್ಮಗಳ ವಿಷಯ. ಇದನ್ನು ಬರೆಯಲು ನನಗೆ ಎಲ್ಲಕ್ಕಿಂತ ಖುಷಿ. ಮೊದಲು ಬೈಕುಲಾದ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ರಾಣಿಬಾಗ್ ಮೃಗಾಲಯದ ಪಕ್ಕದಲ್ಲೇ ಇದೆ, 1872ರಿಂದ ಜನ ನೋಡುತ್ತ ಬಂದಿರುವ ಜಾಗ. ಹಳೆಯ ಮುಂಬಯಿಯ ಜನರ ಪುಟ್ಟ ಪುಟ್ಟ ಮಣ್ಣಿನ ಬೊಂಬೆಗಳು ಅಲ್ಲಿವೆ. ಯಾರು ಯಾವ ಪಗಡಿ ಸುತ್ತುತ್ತಿದ್ದರು, ಯಾವ ಕಸುಬು ಮಾಡುತ್ತಿದ್ದರು ಎಲ್ಲ ಕಾಣುತ್ತದೆ. ಎಂಟು ವರ್ಷದ ಮಗುವಿನ ಕಣ್ಣಿಗೆ ಸರಿಯಾದ ಅಳತೆ. ಹೊರಗೆ ಘಾರಾಪುರಿಯಿಂದ, ಅಂದರೆ ಎಲಿಫೆಂಟಾ ದ್ವೀಪದಿಂದ ತಂದ ಕಲ್ಲಿನ ಆನೆ ನಿಂತಿದೆ, ಅದರ ಮುಂದೆ ಕೂರಿಸಿ ಚಿತ್ರ ಬರೆಯಲು ಬಿಡಿ. ಬುಧವಾರ ರಜೆ. ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು.

ಆಮೇಲೆ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಅಲ್ಲಿ 2019ರಿಂದ ಮಕ್ಕಳಿಗೇ ಒಂದು ವಿಭಾಗವಿದೆ. ಅದಕ್ಕೆ ಎದುರಾಗಿ 1911ರ ಸರ್ ಕಾವಸ್‌ಜಿ ಜಹಾಂಗೀರ್ ಹಾಲ್. ಒಂದು ಕಾಲದಲ್ಲಿ ಸಭೆ, ಕಚೇರಿ ನಡೆಯುತ್ತಿದ್ದ ಆ ಕಟ್ಟಡದಲ್ಲಿ 1996ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಅದಕ್ಕೆ ಸೋಮವಾರ ರಜೆ. ಜಹಾಂಗೀರ್ ಆರ್ಟ್ ಗ್ಯಾಲರಿಯ ಹೊರಗಿನ ಫುಟ್‌ಪಾತಿನಲ್ಲಿ ಕಲಾವಿದರು ಚಿತ್ರ ಸಾಲಾಗಿ ಇಟ್ಟುಕೊಂಡು ಕೂತಿರುತ್ತಾರೆ. ಎದುರಿಗೆ ಕೂರಿಸಿಕೊಂಡು ಮುಖ ಬರೆದುಕೊಡುವವರೂ ಇರುತ್ತಾರೆ. ಬಿಳಿ ಕಾಗದದ ಮೇಲೆ ಮೂಗು ಮೊದಲು ಬರುತ್ತದೋ ಕಣ್ಣು ಮೊದಲೋ ಎಂದು ಅವಳು ಪಕ್ಕದಲ್ಲಿ ನಿಂತು ನೋಡಲಿ. ಫೆಬ್ರವರಿ ಹೊತ್ತಿಗೆ ಕಾಲಾ ಘೋಡಾ ಉತ್ಸವ ಬರುತ್ತದೆ. 1999ರಿಂದ ನಡೆಯುತ್ತಿರುವ ಈ ಉತ್ಸವದಲ್ಲಿ ಮಕ್ಕಳಿಗೆ ಕಮ್ಮಟಗಳಿರುತ್ತವೆ. ಶನಿವಾರ, ಭಾನುವಾರ ಕಾಲಿಡಲು ಜಾಗ ಇರಲ್ಲ. ಮೇಲಾಗಿ ಭಾನುವಾರ ಹಳಿ ದುರಸ್ತಿಗೆಂದು ಲೋಕಲ್ ನಿಲ್ಲಿಸುವ ಮೆಗಾಬ್ಲಾಕಿನ ಕಾಟ. ಸಾಧ್ಯವಾದರೆ ವಾರದ ದಿನವೇ ಕರೆದುಕೊಂಡು ಬನ್ನಿ. ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ಹುತಾತ್ಮ ಚೌಕದ ದಾರಿ ಹಿಡಿದು ನಡೆದರೂ ಆಯಿತು.

ನಮ್ಮ ಸಂಘಗಳ ಹಿರಿಯರಿಗೂ ಇಲ್ಲೇ ಒಂದು ಮಾತು ಹೇಳುತ್ತೇನೆ. ಮಾಟುಂಗದಲ್ಲಿ, ಮಾಹಿಮ್‌ನಲ್ಲಿ, ಉಪನಗರಗಳಲ್ಲಿ ನಮಗೆ ಸಭಾಗೃಹಗಳಿವೆ. ನಾಟಕ, ತಾಳಮದ್ದಳೆ, ಸನ್ಮಾನ ಎಲ್ಲ ಚೆನ್ನಾಗಿ ನಡೆಯುತ್ತವೆ. ಬಾಗಿಲಿನಿಂದ ವೇದಿಕೆಯವರೆಗೆ ಇರುವ ಗೋಡೆ ಮಾತ್ರ ಖಾಲಿ. ವರ್ಷಕ್ಕೊಂದು ಸಲ ಆ ಗೋಡೆಯನ್ನು ನಮ್ಮವರ ಕೆಲಸಕ್ಕೆ ಬಿಟ್ಟುಕೊಡಿ. ದೊಡ್ಡ ಖರ್ಚಿಲ್ಲ. ಒಂದಿಷ್ಟು ಹಲಗೆ, ದಾರ, ಕ್ಲಿಪ್ ಇದ್ದರೆ ಆಗುತ್ತದೆ. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿ ಎತ್ತರಕ್ಕೆ ಬರಲಿ, ಮಕ್ಕಳದ್ದಾದರೆ ಇನ್ನೂ ಕೆಳಗೆ. ಕಸೂತಿ ಹಾಕುವವರು, ಕೌದಿ ಹೊಲಿಯುವವರು, ಹೋಟೆಲಿನ ರಾತ್ರಿ ಪಾಳಿ ಮುಗಿಸಿ ಬಂದು ಬಿಲ್ಲಿನ ಹಿಂದೆ ಚಿತ್ರ ಗೀಚುವ ಹುಡುಗರು, ಎಲ್ಲರೂ ನಮ್ಮ ನಡುವೆಯೇ ಇದ್ದಾರೆ. ಪ್ರತಿ ಚಿತ್ರದ ಹತ್ತಿರ ಅದನ್ನು ಮಾಡಿದವರನ್ನೇ ನಿಲ್ಲಿಸಿ. ಸನ್ಮಾನದ ಭಾಷಣ ಸ್ವಲ್ಪ ಕಮ್ಮಿ ಮಾಡಿ, ಆ ಹೊತ್ತನ್ನು ಇದಕ್ಕೆ ಕೊಡಿ.

ಪುಟ ನಿಲ್ಲಿಸುವುದಿಲ್ಲ. ಯಕ್ಷಗಾನದ ಸುದ್ದಿಗೆ ಇರುವ ಜಾಗವೂ ಕಮ್ಮಿಯಾಗುವುದಿಲ್ಲ, ಅದು ನನ್ನ ಮಾತು. ಮುಂದಿನ ಸಂಚಿಕೆಯಿಂದ ಪ್ರತಿ ಪ್ರದರ್ಶನದ ಕೆಳಗೆ ಮೂರು ವಿಷಯ ಅಚ್ಚಾಗುತ್ತವೆ: ಬೆಲ್ ಒತ್ತಬೇಕೋ ನೇರ ಹೋಗಬಹುದೋ, ಕಲಾವಿದರು ಯಾವ ಹೊತ್ತಿನಲ್ಲಿ ಇರುತ್ತಾರೆ, ಮೆಟ್ಟಿಲು ಎಷ್ಟಿವೆ.

ಮುಂದಿನ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ 3 ಗಂಟೆಗೆ ಜಹಾಂಗೀರ್ ಬಾಗಿಲಲ್ಲಿ ನಾನಿರುತ್ತೇನೆ. ನೀವೂ ನಿಮ್ಮ ಮನೆಯವರೂ ಬನ್ನಿ, ಮೊಮ್ಮಗಳನ್ನೂ ಕರೆತನ್ನಿ. ಬೇರೆ ಓದುಗರೂ ಬರಬಹುದು. ಆದರೆ ಇಪ್ಪತ್ತು ಜನಕ್ಕಿಂತ ಜಾಸ್ತಿಯಾದರೆ ಒಳಗಿರುವ ಬೇರೆಯವರಿಗೆ ತೊಂದರೆ, ಹಾಗಾಗಿ ಮೊದಲೇ ಕಚೇರಿಗೆ ತಿಳಿಸಿ. ಮೊಮ್ಮಗಳು ತನ್ನ ಚಿತ್ರದ ಪುಸ್ತಕ, ಪೆನ್ಸಿಲ್ ತರಲಿ. ಗ್ಯಾಲರಿಯಲ್ಲಿ ನೆಲದ ಮೇಲೆ ಕೂತು ಬರೆಯಲು ಬಿಡುತ್ತಾರೋ ಇಲ್ಲವೋ ಎಂದು ನಾನು ಮುಂಚೆಯೇ ಕೇಳಿಟ್ಟಿರುತ್ತೇನೆ.

ನಿಮ್ಮ,
ಸಂಪಾದಕ