ಇಂಕ್‌ಸ್ಕೇಪ್, ಜಿಂಪ್ ವಿಂಡೋಸ್‌ನಲ್ಲಿ ಮಾತ್ರ ಫಾಂಟ್‌ಗಳ ಬಳಿ ತಡವರಿಸುವುದೇಕೆ?

ಒಂದೇ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಿಂದ ತೆರೆದರೆ ಚುರುಕಾಗಿರುವ ಚಿತ್ರವಿನ್ಯಾಸದ ತಂತ್ರಾಂಶಗಳಾದ ಇಂಕ್‌ಸ್ಕೇಪ್ ಮತ್ತು ಜಿಂಪ್, ವಿಂಡೋಸ್‌ನಲ್ಲಿ ಫಾಂಟ್‌ಗಳ ಹಂತಕ್ಕೆ ಬಂದು ನಿಂತುಬಿಡುತ್ತವೆ, ಕನ್ನಡ ಲಿಪಿಯ ತೊಡಕೇ ಇದಕ್ಕೆ ಕಾರಣವೇ ಎಂದು ಕೇಳಿದ್ದೀರಿ. ಲಿಪಿಯದು ತಪ್ಪಿಲ್ಲ. ‘ಸ್ತ್ರೀ’ ಎಂಬಲ್ಲಿ ಸ, ಹಲಂತ, ತ, ಹಲಂತ, ರ, ಈಕಾರ ಎಂದು ಆರು ಯೂನಿಕೋಡ್ ಸಂಕೇತಗಳಿದ್ದು, ಅವುಗಳಿಗೆ ಒತ್ತು ಕೂಡಿಸಿ ಅಕ್ಷರವಾಗಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶ ಎರಡೂ ಕಡೆ ಒಂದೇ. ಆ ಕೆಲಸ ಕಣ್ಣಿಗೆ ಕಾಣದಷ್ಟು ಬೇಗ ಮುಗಿಯುತ್ತದೆ.

ಕಾಲ ಹೋಗುವುದು ಅಕ್ಷರ ಬಿಡಿಸುವುದರಲ್ಲಲ್ಲ, ಫಾಂಟ್ ಹುಡುಕುವುದರಲ್ಲಿ. ಈ ಎರಡೂ ತಂತ್ರಾಂಶಗಳು ನೆಚ್ಚಿಕೊಂಡಿರುವ ಫಾಂಟ್‌ಕಾನ್ಫಿಗ್, ಪ್ರತಿಯೊಂದು ಫಾಂಟ್ ಕಡತವನ್ನೂ ತೆರೆದು, ಅದರಲ್ಲಿ ಯಾವ ಯಾವ ಅಕ್ಷರಗಳಿವೆ ಎಂಬುದನ್ನು ಓದಿ, ಮತ್ತೆ ಮತ್ತೆ ಹುಡುಕದಿರಲೆಂದು ಒಂದು ಕ್ಯಾಷ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಬರೆದಿಡುತ್ತದೆ. ಉಬುಂಟುವಿನಲ್ಲಿ ಫಾಂಟ್ ಪ್ಯಾಕೇಜ್ ಹಾಕಿದ ಕ್ಷಣದಲ್ಲೇ ವ್ಯವಸ್ಥೆಯು ಈ ಕೆಲಸವನ್ನು ಮಾಡಿ ಮುಗಿಸಿರುತ್ತದೆ. ವಿಂಡೋಸ್‌ಗೆ ಆ ಕ್ಯಾಷ್‌ನ ಗೊಡವೆಯೇ ಇಲ್ಲದ ಕಾರಣ, ಹೊಸ ಫಾಂಟ್ ಹಾಕಿದ ಬಳಿಕ ಮೊದಲು ತೆರೆದ ತಂತ್ರಾಂಶವೇ ಆ ಹೊರೆಯನ್ನು ಹೊರಬೇಕು. ತೆರೆದ ಕಡತವನ್ನೆಲ್ಲ ಆಂಟಿವೈರಸ್ ತಡೆದು ತಪಾಸಣೆ ಮಾಡುತ್ತಿದ್ದರಂತೂ ಕೇಳುವುದೇ ಬೇಡ.

ಲಗ್ನಪತ್ರಿಕೆ ವಿನ್ಯಾಸ ಮಾಡುವ ನಾನು ಹಳೆಯ ಸಿ.ಡಿ.ಗಳಿಂದ ಸಾವಿರಕ್ಕೂ ಹೆಚ್ಚು ಫಾಂಟ್ ಪೇರಿಸಿಟ್ಟುಕೊಂಡಿದ್ದೆ. (ಬಳಸುತ್ತಿದ್ದದ್ದು ಇಪ್ಪತ್ತೋ ಮೂವತ್ತೋ.) ಅವುಗಳಲ್ಲಿ ಹಲವು ಯೂನಿಕೋಡ್‌ಗೆ ಮುಂಚಿನ ಬಗೆಯವು, ಅಂದರೆ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಯೂನಿಕೋಡ್ ಪಠ್ಯಕ್ಕೆ ಅಂಥ ಫಾಂಟ್ ಆರಿಸಿದರೆ ಅದರಲ್ಲಿ ‘ಕ’ ಸಿಗುವುದಿಲ್ಲವಾದ್ದರಿಂದ, ಇರುವ ಫಾಂಟ್‌ಗಳನ್ನೆಲ್ಲ ಜಾಲಾಡಿ ಬದಲಿ ಹುಡುಕಬೇಕಾಗುತ್ತದೆ, ತೆರೆಯ ಮೇಲೆ ಮೂಡುವುದೂ ನೀವು ಆರಿಸಿದ ಫಾಂಟ್ ಆಗಿರುವುದಿಲ್ಲ.

ಆದ್ದರಿಂದ ಮೊದಲು ಅಂಥವನ್ನೂ ಬಳಸದವನ್ನೂ ಅನ್‌ಇನ್‌ಸ್ಟಾಲ್ ಮಾಡಿ, ಕಡತಗಳನ್ನು ಬೇರೊಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ನನ್ನ ಮಟ್ಟಿಗೆ ಹೆಚ್ಚಿನ ಪರಿಹಾರ ಸಿಕ್ಕಿದ್ದು ಇದರಿಂದಲೇ. ಇಂಕ್‌ಸ್ಕೇಪ್‌ನ ಪ್ರಿಫರೆನ್ಸಸ್‌ನಲ್ಲಿ ಪಠ್ಯ ಸಾಧನದ ಪುಟಕ್ಕೆ ಹೋಗಿ, ಫಾಂಟ್ ಪಟ್ಟಿಯಲ್ಲಿ ಮಾದರಿ ತೋರಿಸುವ ಆಯ್ಕೆಯನ್ನು ತೆಗೆದುಹಾಕಿದರೆ ಪಟ್ಟಿ ಬೇಗ ಇಳಿಯುತ್ತದೆ. ಹೊಸ ಫಾಂಟ್ ಏನೂ ಹಾಕದಿದ್ದರೂ ದಿನವೂ ಅಷ್ಟೇ ಹೊತ್ತು ಹಿಡಿಯುತ್ತಿದ್ದರೆ ಕ್ಯಾಷ್ ಉಳಿಯುತ್ತಿಲ್ಲವೆಂದು ಅನುಮಾನಿಸಬೇಕು. ವಿಂಡೋಸ್‌ನಲ್ಲಿ ನಿಮ್ಮ ಬಳಕೆದಾರ ಫೋಲ್ಡರ್‌ನೊಳಗಿನ ಆಪ್‌ಡೇಟಾದ ಲೋಕಲ್ ಫೋಲ್ಡರ್‌ನಲ್ಲಿ ಫಾಂಟ್‌ಕಾನ್ಫಿಗ್ ಎಂಬುದನ್ನು ಹುಡುಕಿ, ಅದರೊಳಗಿನ ಕ್ಯಾಷ್ ಅಳಿಸಿ, ಒಮ್ಮೆ ತಾಳ್ಮೆಯಿಂದ ಹೊಸದಾಗಿ ಕಟ್ಟಿಕೊಳ್ಳಲು ಬಿಡಿ.